ಜಗಳ ಕೋರ್ಟಿಗೆ ಬರುವ ಮೊದಲೇ ಕಾನೂನು ನೆರವು ಊರಿಗೆ ಬರಲಿ

ಮಾನ್ಯ ಸದಸ್ಯ ಕಾರ್ಯದರ್ಶಿಗಳಿಗೆ,
ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಬೆಂಗಳೂರು

ಮಾನ್ಯರೇ,

ನಾನು ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಸಿವಿಲ್ ವಕೀಲಿ ಮಾಡುವವನು. ನನ್ನ ಮೇಜಿಗೆ ಬರುವ ಕಡತಗಳಲ್ಲಿ ಹೆಚ್ಚಿನವು ಪಾಲಿನ ದಾವೆ, ಉಯಿಲಿನ ತಕರಾರು, ಸೈಟಿನ ವ್ಯಾಜ್ಯ, ಜೊತೆಯಲ್ಲಿ ಅಂಗಡಿ ಇಟ್ಟು ಬೇರೆಯಾದವರ ಲೆಕ್ಕದ ಜಗಳ. ಬಹುತೇಕ ಎಲ್ಲ ಕಡತಗಳ ಬುಡದಲ್ಲೂ ಒಂದು ಕಾಗದ ಇರುತ್ತದೆ: ತಪ್ಪಾಗಿ ಬರೆದದ್ದು, ಅರ್ಧ ಬರೆದದ್ದು, ಇಲ್ಲವೇ ಬರೆಯಬೇಕಿದ್ದೂ ಬರೆಯದೇ ಬಿಟ್ಟದ್ದು. ಅದನ್ನು ಬರೆಯುವ ದಿನ ಕಾನೂನು ಬಲ್ಲವರೊಬ್ಬರು ಪಕ್ಕದಲ್ಲಿ ಕೂತಿದ್ದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿದ್ದ ವಿಷಯಕ್ಕೆ ಮನೆಮಂದಿ ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ಉಯಿಲು, ಪಾಲುಪತ್ರ, ದಾನಪತ್ರ, ಪಾಲುದಾರಿಕೆ ಕರಾರು ಬರೆಯುವ ಹಂತದಲ್ಲೇ ಜನರಿಗೆ ಉಚಿತ ಕಾನೂನು ಸಲಹೆ ಸಿಗುವಂತೆ ಮಾಡಿ.

ಈ ಅಧಿಕಾರವನ್ನು ತಮಗೆ ಹೊಸದಾಗಿ ಯಾರೂ ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 'ಕಾನೂನು ಸೇವೆ' ಎಂಬುದರ ವ್ಯಾಖ್ಯೆಯಲ್ಲೇ, ಕೇಸು ನಡೆಸಿಕೊಡುವುದರ ಜೊತೆಗೆ, ಯಾವುದೇ ಕಾನೂನು ವಿಷಯದ ಬಗ್ಗೆ ಸಲಹೆ ಕೊಡುವುದನ್ನೂ ಸೇರಿಸಿದೆ. ಅದೇ ಕಾಯ್ದೆಯ 7ನೇ ಕಲಂ ರಾಜ್ಯ ಪ್ರಾಧಿಕಾರ ಮಾಡಬೇಕಾದ ಕೆಲಸಗಳಲ್ಲಿ ಮುನ್ನೆಚ್ಚರಿಕೆಯ ಕಾನೂನು ನೆರವಿನ ಕಾರ್ಯಕ್ರಮಗಳನ್ನು ಹೆಸರಿಸಿಯೇ ಹೇಳುತ್ತದೆ. ಲೋಕ ಅದಾಲತ್‌ಗಳ ಮೂಲಕ ಪ್ರಾಧಿಕಾರ ಮಾಡಿರುವ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಅಲ್ಲಿ ರಾಜಿಯಾದ ಪ್ರಕರಣದಲ್ಲಿ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ, ಅಲ್ಲಿನ ಆದೇಶಕ್ಕೆ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ ಬಲವಿದೆ, ಅದರ ಮೇಲೆ ಅಪೀಲೂ ಇಲ್ಲ. ಆದರೆ ಲೋಕ ಅದಾಲತ್ತಿಗೆ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ರಾಜಿ ಆಗುತ್ತದೆ, ನಿಜ. ಹಬ್ಬಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ಮಾತ್ರ ಮತ್ತೆ ಶುರುವಾಗುವುದಿಲ್ಲ.

ಪಾಲಿನ ದಾವೆಯೊಂದು ಹೇಗೆ ಸಾಗುತ್ತದೆ ಎಂಬುದು ತಮಗೆ ಗೊತ್ತೇ ಇದೆ. ಈ ಪತ್ರ ಓದುವ ಇತರರಿಗಾಗಿ ಹೇಳುತ್ತೇನೆ. ದಾವೆ ಹೂಡಿದವರು ಮೊದಲು ತಡೆಯಾಜ್ಞೆ ಕೇಳುತ್ತಾರೆ. ಅದರ ವಿಚಾರಣೆಗೇ ತಿಂಗಳುಗಳು ಬೇಕು. ಎಲ್ಲ ಪ್ರತಿವಾದಿಗಳಿಗೆ ಸಮನ್ಸ್ ಜಾರಿಯಾಗಬೇಕು. ಅವರಲ್ಲಿ ಒಬ್ಬರು ಮಧ್ಯದಲ್ಲಿ ತೀರಿಕೊಂಡರೆ ಅವರ ವಾರಸುದಾರರನ್ನು ದಾಖಲೆಗೆ ತರಬೇಕು. ಸಾಕ್ಷಿ, ಪಾಟೀ ಸವಾಲು, ವಾದ ಎಲ್ಲ ಮುಗಿದ ಮೇಲೆ ಸಿಗುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಭಾಗ ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾವ ಮೂಲೆ ಯಾರಿಗೆ ಎಂದು ತೀರ್ಮಾನವಾಗಲು ಅಂತಿಮ ಡಿಕ್ರಿಗೆ ಬೇರೆ ಅರ್ಜಿ ಹಾಕಬೇಕು. ಮನೆಯಾದರೆ ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳೆಯಬೇಕು. ಕಂದಾಯ ಕಟ್ಟುವ ಜಮೀನಾದರೆ ಅದೂ ಮೋಜಣಿಯಾಗಬೇಕು. ಈ ನಡುವೆ ಮೇಲ್ಮನವಿ. ದಾವೆ ಹೂಡುವಾಗ ಕಾಲೇಜಿನಲ್ಲಿದ್ದ ಹುಡುಗಿ ಅಂತಿಮ ಡಿಕ್ರಿಯ ಹೊತ್ತಿಗೆ ತನ್ನ ಮಕ್ಕಳನ್ನು ಕರೆದುಕೊಂಡು ಕೋರ್ಟಿಗೆ ಬರುವುದನ್ನು ನಾನು ನೋಡಿದ್ದೇನೆ. ಜಮೀನು ಅಷ್ಟೂ ವರ್ಷ ಬೀಳು ಬಿದ್ದಿರುತ್ತದೆ, ಇಲ್ಲವೇ ಸ್ವಾಧೀನದಲ್ಲಿದ್ದವರ ಪಾಲಾಗಿರುತ್ತದೆ.

ಇಷ್ಟಕ್ಕೆಲ್ಲ ಕಾರಣವಾಗುವ ಕಾಗದಗಳ ಮಾತಿಗೆ ಬರುತ್ತೇನೆ. ಮೊದಲನೆಯದು ಉಯಿಲು.

ಉಯಿಲಿನ ಬಗ್ಗೆ ಊರಲ್ಲಿರುವ ನಂಬಿಕೆಗಳೆಲ್ಲ ತಲೆಕೆಳಗಾಗಿವೆ. ಛಾಪಾ ಕಾಗದದ ಮೇಲೆ ಬರೆದರೇ ಸಿಂಧು ಎನ್ನುತ್ತಾರೆ. ಅದಕ್ಕೆ ಮುದ್ರಾಂಕ ಶುಲ್ಕವೇ ಇಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಆಗದಿದ್ದರೆ ಬೆಲೆಯಿಲ್ಲ ಎನ್ನುತ್ತಾರೆ. 1908ರ ನೋಂದಣಿ ಕಾಯ್ದೆಯಲ್ಲಿ ಅದು ಐಚ್ಛಿಕ. ನೋಂದಣಿ ಆಗಿಬಿಟ್ಟರೆ ಯಾರೂ ಪ್ರಶ್ನಿಸಲಾರರು ಎನ್ನುತ್ತಾರೆ, ಅದೂ ಸುಳ್ಳು. ಕಾನೂನು ನಿಜವಾಗಿ ಕಟ್ಟುನಿಟ್ಟಾಗಿರುವುದು ಸಾಕ್ಷಿಗಳ ವಿಷಯದಲ್ಲಿ, ಜನ ಹಗುರವಾಗಿ ತೆಗೆದುಕೊಳ್ಳುವುದೂ ಅದನ್ನೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವರು ಸೈನು ಇಲ್ಲವೇ ಹೆಬ್ಬೆಟ್ಟು ಹಾಕುವುದನ್ನು ಪ್ರತಿಯೊಬ್ಬ ಸಾಕ್ಷಿಯೂ ನೋಡಿರಬೇಕು, ಅಥವಾ ಇದು ನನ್ನ ಸೈನೇ ಎಂದು ಅವರ ಬಾಯಿಂದ ಕೇಳಿರಬೇಕು. ಆಮೇಲೆ ಸಾಕ್ಷಿಗಳು ಬರೆಸಿದವರ ಎದುರಿನಲ್ಲೇ ತಮ್ಮ ಸೈನು ಹಾಕಬೇಕು. ಬರೆಸಿದವರು ಕಾಲವಾದ ಮೇಲೆ ಆ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲೂ ಮುಂದುವರಿದಿದೆ.

ಒಂದು ಪಾಟೀ ಸವಾಲು ನನ್ನ ಕಿವಿಯಲ್ಲಿ ಇನ್ನೂ ಇದೆ. ಉಯಿಲು ಚೆನ್ನಾಗಿತ್ತು. ಯಜಮಾನರು ಕೊನೆಯವರೆಗೂ ತಮ್ಮನ್ನು ನೋಡಿಕೊಂಡ ಕಿರಿಯ ಮಗನಿಗೆ ತಾವೇ ದುಡಿದು ಕೊಂಡ ಮನೆಯನ್ನು ಬರೆದಿದ್ದರು. ಅದು ಅವರ ಮನಸ್ಸಿನ ಮಾತೇ ಎಂಬುದರಲ್ಲಿ ಊರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತವರು ಪ್ರಾಮಾಣಿಕ ರೈತರು. ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಸೈನು ಹಾಕುವಾಗ ಯಜಮಾನರು ಎಲ್ಲಿದ್ದರು?" ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಅವರಿಗೆ ಮೈಗೆ ಹುಷಾರಿರಲಿಲ್ಲ ಸ್ವಾಮಿ, ಮನೆಯಲ್ಲಿ ಮಲಗಿದ್ರು. ಕಾಗದಾನ ಅವರ ಮಗಾನೇ ನಮ್ಮನೆ ಹತ್ರ ತಂದಿದ್ದ." ಇನ್ನೊಬ್ಬ ಸಾಕ್ಷಿ ಅಷ್ಟು ಹೊತ್ತಿಗೆ ಬದುಕಿರಲಿಲ್ಲ. ಆ ಒಂದು ಉತ್ತರಕ್ಕೆ ಉಯಿಲು ಬಿತ್ತು. ತಂದೆಯನ್ನು ವರ್ಷಗಟ್ಟಲೆ ಎತ್ತಿ ಕೂರಿಸಿ ಊಟ ಮಾಡಿಸಿದ ಮಗ, ಅವರನ್ನು ನೋಡಲೂ ಬಾರದ ಉಳಿದವರ ಜೊತೆ ಸಮಪಾಲು ಹಂಚಿಕೊಳ್ಳಬೇಕಾಯಿತು. ಸಾಕ್ಷಿಗಳನ್ನು ಮನೆಗೇ ಕರೆಸಿ, ಹಾಸಿಗೆಯ ಪಕ್ಕ ಕೂರಿಸಿಕೊಂಡು ಸೈನು ಹಾಕಿಸಿ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಸುಪ್ರೀಂ ಕೋರ್ಟು ಉಯಿಲಿನ ವಿಷಯದಲ್ಲಿ ಇಂದಿಗೂ ನೆಚ್ಚಿಕೊಂಡಿರುವ ಮೂಲ ತೀರ್ಪು, 1958ರ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ್ದು, ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು. ಉಯಿಲಿನ ಸುತ್ತ ಅನುಮಾನದ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದು ಎಂದು ಅದು ಹೇಳಿತು. ಲಾಭ ಪಡೆಯುವವರೇ ಮುಂದೆ ನಿಂತು ಬರೆಸುವುದು, ನಡುಗುವ ಸೈನು, ಹೆಂಡತಿ ಮಕ್ಕಳ ಹೆಸರನ್ನು ಕಾರಣ ಹೇಳದೆ ಬಿಡುವುದು, ಇವೆಲ್ಲ ಅಂಥ ಸಂಗತಿಗಳು. ಅಷ್ಟು ಹಿಂದೆಯೇ ನಮ್ಮ ನೆಲದ ಒಂದು ಮನೆಯ ವ್ಯಾಜ್ಯ ದೇಶಕ್ಕೆ ಕೊಟ್ಟ ಪಾಠವನ್ನು ನಮ್ಮ ತಾಲ್ಲೂಕುಗಳಿಗೆ ನಾವು ಇನ್ನೂ ಮುಟ್ಟಿಸಿಲ್ಲ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ ಎಂಬುದು ಎಲ್ಲರೂ ತಿಳಿಯಬೇಕಾದ ಮಾತು. ಕ್ರೈಸ್ತರ ಉಯಿಲಿನಲ್ಲಂತೂ ಸಾಕ್ಷಿಗೇ ಬರೆದ ಆಸ್ತಿ ಭಾರತೀಯ ಉತ್ತರಾಧಿಕಾರ ಕಾಯ್ದೆಯ 67ನೇ ಕಲಂ ಪ್ರಕಾರ ಆ ಸಾಕ್ಷಿಗೆ ದಕ್ಕುವುದೇ ಇಲ್ಲ. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಿಂದ ಕೊಡಲಾಗದು. ಹಿಂದೂ ಅವಿಭಕ್ತ ಕುಟುಂಬದವರು ಪಿತ್ರಾರ್ಜಿತದಲ್ಲಿ ತಮ್ಮ ಭಾಗವನ್ನಷ್ಟೇ ಬರೆಯಬಲ್ಲರು. ಇಡೀ ತೋಟವನ್ನೇ ಒಬ್ಬ ಮಗನಿಗೆ ಬರೆದ ಉಯಿಲುಗಳು ನನ್ನ ಬಳಿಗೆ ಎಷ್ಟೋ ಬಂದಿವೆ. ಅವನ್ನು ಹಿಡಿದುಕೊಂಡು ಬಂದವರ ಮುಖ ನೋಡಿ ವಿಷಯ ಹೇಳುವುದು ಸುಲಭವಲ್ಲ.

ಹೆಣ್ಣುಮಕ್ಕಳು ಉಯಿಲು ಬರೆಯುವುದು ನಮ್ಮಲ್ಲಿ ತೀರಾ ಅಪರೂಪ. ಬರೆಯದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತೇ ಇಲ್ಲ. ಗಂಡನನ್ನು ಕಳೆದುಕೊಂಡ, ಮಕ್ಕಳಿಲ್ಲದ ಒಬ್ಬ ಹಿಂದೂ ಮಹಿಳೆ ಗಾರ್ಮೆಂಟ್ಸಿಗೆ ಹೋಗಿ ದುಡಿದು ಒಂದು ಸೈಟು ಕೊಂಡಿದ್ದಾಳೆ ಎಂದುಕೊಳ್ಳಿ. ಕಷ್ಟಕಾಲದಲ್ಲಿ ಜೊತೆಗಿದ್ದವಳು ಅವಳ ಹೆತ್ತ ತಾಯಿ. ಅವಳು ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ಆ ಸೈಟು ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ತಾಯಿಯ ಸರದಿ ಅವರ ನಂತರ. ಗಂಡ ಸತ್ತ ಮೇಲೆ ಒಂದು ದಿನವೂ ತಿರುಗಿ ನೋಡದ ಮೈದುನ ಸೈಟಿಗೆ ಬೇಲಿ ಹಾಕಬಹುದು, ತಾಯಿ ಬೀದಿಯಲ್ಲಿ ನಿಲ್ಲಬೇಕು. ಒಂದು ಹಾಳೆ, ಇಬ್ಬರು ಸಾಕ್ಷಿಗಳು ಇದ್ದರೆ ತಪ್ಪುವ ಅನ್ಯಾಯ ಇದು. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ಸೇವೆ ಸಿಗಬೇಕು. ಹಾಗಾದರೆ ಸ್ತ್ರೀಶಕ್ತಿ ಸಂಘಗಳ ಸಭೆಗೆ ಪ್ರಾಧಿಕಾರದ ವಕೀಲರೊಬ್ಬರು ಹೋಗಿ, ಭಾಷಣ ಮಾಡದೆ, ಅಲ್ಲೇ ಕೂತು ಉಯಿಲು ಬರೆಸಿಕೊಡಲು ಏನಡ್ಡಿ?

ಇನ್ನು ವಂಶವೃಕ್ಷ ಮತ್ತು ಖಾತೆ. ಯಜಮಾನರು ಹೋದ ಮೇಲೆ ಮನೆಯಲ್ಲಿ ಮೊದಲು ಓಡಾಡುವುದು ಪೌತಿ ಖಾತೆಗೆ. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಬದುಕಿರುವವರ ಹೆಸರಿಗೆ ಮಾಡಿಸಲು ಕಂದಾಯ ಇಲಾಖೆ ನಡೆಸುತ್ತಿರುವ ಪೌತಿ ಖಾತೆ ಆಂದೋಲನ ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ನನ್ನ ಆತಂಕ ಇರುವುದು ಆ ಅರ್ಜಿಯ ಜೊತೆ ಲಗತ್ತಿಸುವ ವಂಶವೃಕ್ಷದ ಬಗ್ಗೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಅದರಲ್ಲಿ ಬಿಡುವುದು ಇಂದಿಗೂ ನಡೆಯುತ್ತಿದೆ. ತೀರಿಹೋದ ಮಗನ ಆಸ್ತಿಯಲ್ಲಿ ಅವನ ಹೆಂಡತಿ ಮಕ್ಕಳಷ್ಟೇ ಅವನ ತಾಯಿಗೂ ಸಮಪಾಲು ಇದೆ, ಅವಳೂ ಮೊದಲ ವರ್ಗದ ವಾರಸುದಾರಳು ಎಂಬುದನ್ನು ಮರೆತೇಬಿಟ್ಟಿರುತ್ತಾರೆ. ಹೆಸರು ಬಿಟ್ಟವರಲ್ಲಿ ಎಲ್ಲರೂ ಮೋಸ ಮಾಡುವವರೇನಲ್ಲ. ಅಕ್ಕನಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದೇವಲ್ಲ, ಇನ್ನೇನು ಎಂದು ನಿಜವಾಗಿ ನಂಬಿದವರೂ ಇದ್ದಾರೆ.

ಕಾನೂನು ಹಾಗಿಲ್ಲ. ನಮ್ಮ ರಾಜ್ಯವೇ ಕೇಂದ್ರಕ್ಕಿಂತ ಮೊದಲು, 1994ರ ಜುಲೈ 30ರಿಂದ, ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಾನ ಹಕ್ಕುದಾರರನ್ನಾಗಿ ಮಾಡಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಆ ದಿನ ಬದುಕಿರಬೇಕೇ ಬೇಡವೇ ಎಂಬ ಬಗ್ಗೆ 2015ರಲ್ಲಿ ಒಂದು, 2018ರಲ್ಲಿ ಇನ್ನೊಂದು ತೀರ್ಪು ಬಂದು ಗೊಂದಲವಾಯಿತು. ಎರಡೂ ನಮ್ಮ ರಾಜ್ಯದ ಮನೆಗಳ ವ್ಯಾಜ್ಯಗಳೇ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದು ಖಚಿತಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲು, ಮಾರಾಟಗಳನ್ನು ಮಾತ್ರ ಕಾನೂನು ಕದಲಿಸುವುದಿಲ್ಲ. ಬಾಯಿಮಾತಿನಲ್ಲಿ ಆಗ ಪಾಲಾಗಿತ್ತು ಎಂದರೆ ಸಾಲದು. ನೋಂದಣಿಯಾದ ಪತ್ರವೋ ಕೋರ್ಟಿನ ಡಿಕ್ರಿಯೋ ಬೇಕು, ಸರ್ಕಾರಿ ದಾಖಲೆಗಳ ಬಲವಾದ ಆಧಾರವಿದ್ದ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಬಾಯಿಪಾಲನ್ನು ಒಪ್ಪುತ್ತಾರೆ. ಇಷ್ಟು ಗೊತ್ತಿಲ್ಲದೆ ಅಣ್ಣತಮ್ಮಂದಿರು ಖಾತೆ ಮಾಡಿಸಿಕೊಂಡು, ಅದರ ಮೇಲೆ ಸಾಲ ತೆಗೆದು, ಅರ್ಧ ಮಾರಿ, ಕೊಂಡವನು ಮನೆ ಕಟ್ಟಿಸಿದ ಮೇಲೆ ಅಕ್ಕನ ದಾವೆ ಬರುತ್ತದೆ. ಆಗ ಪಾಪ, ಏನೂ ಅರಿಯದೆ ಕೊಂಡವನೂ ಪ್ರತಿವಾದಿ.

ಖಾತೆ ಬಂದರೆ ಆಸ್ತಿಯೇ ಬಂತು ಎಂಬ ತಪ್ಪು ತಿಳಿವಳಿಕೆ ಎಷ್ಟು ಆಳವಾಗಿದೆ ಎಂದರೆ ಓದಿದವರೂ ಅದನ್ನೇ ನಂಬುತ್ತಾರೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 128ನೇ ಕಲಂ ಪ್ರಕಾರ ಹಕ್ಕು ಬದಲಾದದ್ದನ್ನು ವರದಿ ಮಾಡಬೇಕು. 133ನೇ ಕಲಂ ಪ್ರಕಾರ ಪಹಣಿಯ ನಮೂದು ಸರಿ ಎಂದು ಊಹಿಸಲಾಗುತ್ತದೆ, ಆದರೆ ತಪ್ಪೆಂದು ರುಜುವಾಗುವ ತನಕ ಮಾತ್ರ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಕಂದಾಯ ಯಾರಿಂದ ವಸೂಲಾಗಬೇಕು ಎಂಬುದನ್ನು ಹೇಳುವ ದಾಖಲೆ. ಹಕ್ಕು ತೀರ್ಮಾನವಾಗುವುದು ಸಿವಿಲ್ ಕೋರ್ಟಿನಲ್ಲಿ. ಪೌತಿ ಖಾತೆ ಅರ್ಜಿ ತೆಗೆದುಕೊಳ್ಳುವ ಕಡೆ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರೊಬ್ಬರು ನಿಂತು, ತಂಗಿಯರ ಹೆಸರು ಸೇರಿಸಿದ್ದೀರಾ, ತಾಯಿಯ ಹೆಸರು ಸೇರಿಸಿದ್ದೀರಾ ಎಂದು ಕೇಳಿದರೆ ಮುಂದಿನ ಪೀಳಿಗೆಯ ಎಷ್ಟು ದಾವೆಗಳು ಹುಟ್ಟುವುದೇ ಇಲ್ಲ ಎಂದು ಯೋಚಿಸಿ. ತಂಗಿ ಮನಸಾರೆ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಲಿ. ಬೇಕು ಎಂದರೆ ಅವಳ ಭಾಗಕ್ಕೆ 11ಇ ನಕ್ಷೆ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ಪಾಲುಪತ್ರ ನೋಂದಣಿಯಾಗಲಿ. ಎರಡರಲ್ಲಿ ಯಾವುದಾದರೂ ಸರಿ, ಬೆಳಕಿನಲ್ಲಿ ಆಗಲಿ.

ಪಾಲುಪತ್ರದ ಬಗ್ಗೆಯೂ ಒಂದು ಮಾತು. ಪಂಚರನ್ನು ಕೂರಿಸಿಕೊಂಡು ಹಾಳೆಯ ಮೇಲೆ ಬರೆದು ಎಲ್ಲರೂ ಸೈನು ಹಾಕಿದ ಪಾಲುಪಟ್ಟಿಗಳು ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಈ ಹಾಳೆಯಿಂದಲೇ ಪಾಲು ಆಗುತ್ತದೆ ಎಂಬ ರೀತಿ ಬರೆದಿದ್ದರೆ ನೋಂದಣಿ ಬೇಕು. ಇಲ್ಲದಿದ್ದರೆ ಆಸ್ತಿ ಹಂಚಿಕೆಗೆ ಅದು ಆಧಾರವಾಗದು. ಮುದ್ರಾಂಕ ಶುಲ್ಕವನ್ನೂ ಕಟ್ಟಿಲ್ಲವಾದರೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಂ ಪ್ರಕಾರ ಕೋರ್ಟಿನಲ್ಲಿ ಅದನ್ನು ಹಾಜರುಪಡಿಸಲು ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. ಈ ಮಾತು ಕೇಳಿ ಕಕ್ಷಿದಾರರು ಸುಮ್ಮನೆ ಎದ್ದು ಹೋಗುತ್ತಾರೆ, ಕಾಗದ ಪೆಟ್ಟಿಗೆಗೆ ಹೋಗುತ್ತದೆ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಸೈಟು ಕೊಂಡವರದೂ ಇಂಥದೇ ಪಾಡು. ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ.

ವೃದ್ಧರ ದಾನಪತ್ರಗಳ ವಿಷಯ ಬರೆಯುವಾಗ ನನಗೆ ಸಮಾಧಾನದಿಂದ ಬರೆಯಲಾಗುವುದಿಲ್ಲ. ಮಗನ ಹೆಸರಿಗೆ ಮನೆ ಬರೆದುಕೊಟ್ಟು ಆರು ತಿಂಗಳಿಗೆ ಜಗಲಿಗೆ ಬಂದ ತಂದೆತಾಯಿಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯ 23ನೇ ಕಲಂ ಅವರಿಗಾಗಿಯೇ ಇದೆ: ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಇತ್ತು ಎಂಬುದು ರುಜುವಾಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು, ಕಾಯ್ದೆಯನ್ನು ಹಿರಿಯರ ಹಿತಕ್ಕೆ ತಕ್ಕಂತೆ ಉದಾರವಾಗಿ ಅರ್ಥೈಸಬೇಕು ಎಂದಿತು. ಆದರೂ ದಾನಪತ್ರದಲ್ಲಿ ಒಂದು ಸಾಲು ಇರುವುದಕ್ಕೂ ಇಲ್ಲದಿರುವುದಕ್ಕೂ ಅಜಗಜಾಂತರ. "ದಾನ ಪಡೆದವರು ನನ್ನನ್ನು ಮತ್ತು ನನ್ನ ಹೆಂಡತಿಯನ್ನು ನಮ್ಮ ಜೀವಿತಾವಧಿಯವರೆಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಕೊಟ್ಟು ನೋಡಿಕೊಳ್ಳತಕ್ಕದ್ದು; ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು." ಇಷ್ಟೇ ಸಾಲು. ಪತ್ರ ಬರೆಯುವವರು 'ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿರುತ್ತೇನೆ' ಎಂದು ಅಚ್ಚುಕಟ್ಟಾಗಿ ಬರೆದು, ಈ ಸಾಲನ್ನು ಬಿಟ್ಟುಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅವರಿಗೆ ದುಡ್ಡು ಕೊಟ್ಟವನು ಮಗ, ಕೂತ ಅಜ್ಜನ ಪರವಾಗಿ ಕೇಳುವವರು ಆ ಕೋಣೆಯಲ್ಲಿ ಯಾರೂ ಇಲ್ಲ. ಮನೆಯನ್ನು ಈಗಲೇ ಬರೆದುಕೊಡಬೇಡಿ, ಉಯಿಲು ಬರೆಯಿರಿ, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು ಎಂದು ಅಜ್ಜನ ಕಿವಿಯಲ್ಲಿ ಹೇಳುವವರೂ ಇಲ್ಲ. ಆ ಕೋಣೆಯಲ್ಲಿ ಅಜ್ಜನ ಕಡೆಯವರೊಬ್ಬರು ಇರಬೇಕು ಎಂಬುದೇ ನಾನು ಇಷ್ಟುದ್ದ ಬರೆಯುತ್ತಿರುವುದರ ತಿರುಳು.

ಬ್ಯಾಂಕು, ವಿಮೆಯ ನಾಮಿನಿ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಾಮಿನಿ ಹಣ ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ ಎಂದು ಜೀವವಿಮೆಯ ಪ್ರಕರಣವೊಂದರಲ್ಲಿ 1983ರಲ್ಲೂ, ಷೇರುಗಳ ವಿಷಯದಲ್ಲಿ 2023ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಬ್ಯಾಂಕು ಖಾತೆಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿ ಮಾಡಬಹುದಾಗಿದೆ. ಒಳ್ಳೆಯದೇ. ಆದರೆ ನಾಮಿನಿ ಮಾಡಿದ್ದೇನಲ್ಲ, ಉಯಿಲು ಯಾಕೆ ಎಂಬ ಮಾತು ಇನ್ನಷ್ಟು ಗಟ್ಟಿಯಾಗುವ ಅಪಾಯವೂ ಇದೆ.

ಸಣ್ಣ ವ್ಯಾಪಾರಿಗಳ ಕಡೆ ತಮ್ಮ ಗಮನ ಸೆಳೆಯಬೇಕು, ಏಕೆಂದರೆ ಕಾನೂನು ನೆರವಿನ ಮಾತು ಬಂದಾಗ ಯಾರೂ ಇವರನ್ನು ನೆನೆಯುವುದಿಲ್ಲ. ಇಬ್ಬರು ಗೆಳೆಯರು ಸೇರಿ ಹಾರ್ಡ್‌ವೇರ್ ಅಂಗಡಿ ಇಡುತ್ತಾರೆ. ಒಬ್ಬನದು ಬಂಡವಾಳ, ಇನ್ನೊಬ್ಬನದು ದುಡಿಮೆ. ಕರಾರು ಕೇಳಿದರೆ, ನಮ್ಮ ನಡುವೆ ಅದೆಲ್ಲ ಯಾಕೆ ಎನ್ನುತ್ತಾರೆ. ಅಂಗಡಿ ಚೆನ್ನಾಗಿ ನಡೆಯುತ್ತದೆ; ಜಿಎಸ್‌ಟಿ ನೋಂದಣಿ ಒಬ್ಬನ ಹೆಸರಿನಲ್ಲಿ, ಮಳಿಗೆಯ ಬಾಡಿಗೆ ಕರಾರು ಇನ್ನೊಬ್ಬನ ಹೆಸರಿನಲ್ಲಿ, ಲೆಕ್ಕ ಒಂದು ನೋಟುಪುಸ್ತಕದಲ್ಲಿ. ಒಂದು ದಿನ ದುಡಿಯುತ್ತಿದ್ದವನು ಅಪಘಾತದಲ್ಲಿ ಹೋಗಿಬಿಡುತ್ತಾನೆ. 1932ರ ಪಾಲುದಾರಿಕೆ ಕಾಯ್ದೆಯ 42ನೇ ಕಲಂ ಪ್ರಕಾರ ಪಾಲುದಾರನ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಕರಾರಿನಲ್ಲಿ ಬೇರೆ ಬರೆದಿದ್ದರೆ ಉಳಿಯಬಹುದು, ಆದರೆ ಇದ್ದವರೇ ಇಬ್ಬರಾದರೆ ಉಳಿಯುವ ದಾರಿಯೇ ಇಲ್ಲ. ಅವನ ಹೆಂಡತಿ ಬಂದು ಲೆಕ್ಕ ಕೇಳುತ್ತಾಳೆ. 37ನೇ ಕಲಂ ಅವಳಿಗೆ ಒಂದು ಆಯ್ಕೆ ಕೊಡುತ್ತದೆ: ಲೆಕ್ಕ ತೀರುವವರೆಗೆ, ಗಂಡನ ಪಾಲಿನ ಹಣ ಬಳಸಿ ಬಂದ ಲಾಭದಲ್ಲಿ ಭಾಗ ಕೇಳಬಹುದು, ಇಲ್ಲವೇ ಆ ಪಾಲಿನ ಮೇಲೆ ವರ್ಷಕ್ಕೆ ನೂರಕ್ಕೆ 6ರ ಬಡ್ಡಿ. ಆದರೆ ಪಾಲು ಎಷ್ಟು ಎಂಬುದಕ್ಕೇ ಕಾಗದವಿಲ್ಲ. ನೋಟುಪುಸ್ತಕ ಅಂಗಡಿಯಲ್ಲೇ ಇದೆ, ಅಂಗಡಿಯ ಬೀಗ ಬದುಕಿರುವ ಪಾಲುದಾರನ ಕೈಯಲ್ಲಿದೆ.

ಬದುಕಿದ್ದಾಗಲೇ ಜಗಳವಾದರೂ ಕಷ್ಟವೇ. ಸಂಸ್ಥೆ ನೋಂದಣಿಯಾಗಿರದಿದ್ದರೆ 69ನೇ ಕಲಂ ಪ್ರಕಾರ ಕರಾರಿನ ಹಕ್ಕು ಜಾರಿಗೊಳಿಸಿ ಎಂದು ಒಬ್ಬ ಪಾಲುದಾರ ಇನ್ನೊಬ್ಬನ ಮೇಲೆ ದಾವೆ ಹೂಡುವಂತಿಲ್ಲ, ಹೊರಗಿನ ಸಾಲಗಾರನ ಮೇಲೂ ಹೂಡುವಂತಿಲ್ಲ. ಸಂಸ್ಥೆ ಮುಚ್ಚಿ ಲೆಕ್ಕ ಕೊಡಿಸಿ ಎಂದು ಕೇಳಲು ಮಾತ್ರ ಬಾಗಿಲು ತೆರೆದಿದೆ. ಅಂದರೆ ನಡೆಯುತ್ತಿರುವ ಅಂಗಡಿಯನ್ನು ಉಳಿಸಿಕೊಳ್ಳಲು ಕಾನೂನು ಇವರಿಗೆ ನೆರವಾಗದು; ಮುಚ್ಚಲು ಮಾತ್ರ ನೆರವಾಗುತ್ತದೆ. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯವಾದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಇದನ್ನು ಹೇಳುತ್ತದೆ. ತುರ್ತು ಪರಿಹಾರ ಕೇಳದ ಎಲ್ಲ ದಾವೆಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಖಚಿತಪಡಿಸಿತು. ಈ ಮಧ್ಯಸ್ಥಿಕೆ ನಡೆಸುವ ಹೊಣೆ ತಮ್ಮ ಪ್ರಾಧಿಕಾರದ ಸಂಸ್ಥೆಗಳ ಮೇಲೇ ಇದೆ. ಹಾಗಾಗಿ ತಮಗೆ ಇದು ಗೊತ್ತಿರಬೇಕು: ಬಂಡವಾಳ ಯಾರದೆಷ್ಟು, ಲಾಭದ ಭಾಗವೆಷ್ಟು ಎಂಬ ಒಂದು ಪುಟ ಇದ್ದರೆ ಮಧ್ಯಸ್ಥಿಕೆ ಮುಗಿಯುತ್ತದೆ. ಇಲ್ಲದಿದ್ದರೆ ಮಧ್ಯಸ್ಥರ ಎದುರು ಇಬ್ಬರ ಏರುದನಿ ಮಾತ್ರ ಉಳಿಯುತ್ತದೆ. ವ್ಯಾಪಾರ ಆರಂಭಿಸುವವರಿಗೆ ಪಾಲುದಾರಿಕೆ ಕರಾರಿನ ಮಾದರಿ ಕೊಡಿ, ಅದರಲ್ಲಿ ಒಬ್ಬರು ತೀರಿಕೊಂಡರೆ ಏನು, ಬಿಟ್ಟು ಹೋದರೆ ಏನು, ಹೆಸರು ಮತ್ತು ಮಳಿಗೆ ಯಾರಿಗೆ, ಜಗಳವಾದರೆ ಯಾರ ಮುಂದೆ ಹೋಗಬೇಕು ಎಂಬ ನಾಲ್ಕು ಅಂಶಗಳು ಕಡ್ಡಾಯವಾಗಿ ಇರಲಿ.

ಹಾಗಾದರೆ ನಾನು ಕೇಳುತ್ತಿರುವುದು ಏನೇನು? ಎಲ್ಲಕ್ಕಿಂತ ಮೊದಲು, ಪ್ರತಿ ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಯ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಒಂದು ಮೇಜು. ಕೋರ್ಟಿನ ಆವರಣದಲ್ಲಿ ಬೇಡ. ಜಗಳ ಇಲ್ಲದವರು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ, ನಮ್ಮ ಜನಕ್ಕೆ ಅದು ಅಪಶಕುನ. ದಾನಪತ್ರ, ಪಾಲುಪತ್ರ ನೋಂದಣಿಗೆ ಬಂದವರು ಸರದಿಗೆ ಕಾಯುವಾಗ ಕರಡನ್ನು ಆ ಮೇಜಿನಲ್ಲಿ ತೋರಿಸಲಿ. ಹಿರಿಯರು ಆಸ್ತಿ ಬರೆದುಕೊಡುತ್ತಿದ್ದರೆ, ಮೇಜಿನಲ್ಲಿ ಕೂತ ವಕೀಲರು ಮಕ್ಕಳನ್ನು ಹೊರಗೆ ಕೂರಿಸಿ ಹಿರಿಯರ ಜೊತೆ ಹತ್ತು ನಿಮಿಷ ಪ್ರತ್ಯೇಕವಾಗಿ ಮಾತಾಡಲಿ. ಸಲಹೆಗೆ ಆದಾಯದ ಮಿತಿ ಅಡ್ಡ ಬಾರದಿರಲಿ; ಕೇಸು ನಡೆಸಲು ಮಿತಿ ಇರಲಿ, ಅದು ಬೇರೆ ಮಾತು.

ಎರಡನೆಯದು, ಸರಳ ಕನ್ನಡದ ಮಾದರಿ ಪತ್ರಗಳು. ಈಗ ಚಾಲ್ತಿಯಲ್ಲಿರುವ ಪತ್ರಗಳ ಭಾಷೆ ಸೈನು ಹಾಕುವವರಿಗೇ ಅರ್ಥವಾಗುವುದಿಲ್ಲ. ಪ್ರಾಧಿಕಾರವೇ ಹಿರಿಯ ನ್ಯಾಯಾಧೀಶರಿಂದ ನೋಡಿಸಿ ಉಯಿಲು, ದಾನಪತ್ರ, ಪಾಲುಪತ್ರ, ಪಾಲುದಾರಿಕೆ ಕರಾರಿನ ಮಾದರಿಗಳನ್ನು ಬಾಪೂಜಿ ಸೇವಾ ಕೇಂದ್ರಗಳಲ್ಲೂ ಜಾಲತಾಣದಲ್ಲೂ ಇಡಲಿ. ಉಯಿಲಿನ ಮಾದರಿಯಲ್ಲಿ ಸಾಕ್ಷಿಗಳ ಸೈನಿನ ಜಾಗಕ್ಕೆ ಮೇಲೆ ದಪ್ಪಕ್ಷರದಲ್ಲಿ ಹೀಗೆ ಇರಲಿ: ಬರೆಸಿದವರು ನಿಮ್ಮ ಕಣ್ಣೆದುರು ಸೈನು ಹಾಕಿದ ಮೇಲೆ, ಅವರ ಎದುರಿನಲ್ಲೇ ನೀವು ಸೈನು ಹಾಕಿ.

ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ ಕೇಸು ನಡೆಸಿದ್ದಕ್ಕೆ ಸಂಭಾವನೆ ಸಿಗುವಂತೆ ಪತ್ರ ತಯಾರಿಸಿ ಕೊಟ್ಟಿದ್ದಕ್ಕೂ ನಿಗದಿತ ಸಂಭಾವನೆ ಸಿಗಬೇಕು. ಇಲ್ಲದಿದ್ದರೆ ಈ ಕೆಲಸ ಯಾರೂ ಮಾಡುವುದಿಲ್ಲ. ಹೀಗಾದರೆ ವಕೀಲರ ಹೊಟ್ಟೆಪಾಡಿನ ಗತಿಯೇನು ಎಂದು ನನ್ನ ಸಂಘದ ಗೆಳೆಯರೇ ಕೇಳುತ್ತಾರೆ. ಹೇಳುವುದಾದರೆ, ಪಾಲಿನ ದಾವೆ ನಡೆಸುವ ಕಕ್ಷಿದಾರರು ಮೂರನೇ ವರ್ಷಕ್ಕೆ ಫೀಸು ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ, ಇದು ನಮಗೆಲ್ಲರಿಗೂ ಗೊತ್ತು. ಒಳ್ಳೆಯ ಪತ್ರ ಬರೆಸಿಕೊಂಡ ಕುಟುಂಬ ಮತ್ತೆ ಮತ್ತೆ ಬರುತ್ತದೆ, ನೆಮ್ಮದಿಯಿಂದ ಬರುತ್ತದೆ. ಪತ್ರ ಬರಹಗಾರರನ್ನೂ ಈ ಕೆಲಸದಿಂದ ದೂರ ಇಡಬಾರದು. ಅವರಿಗೆ ವರ್ಷಕ್ಕೊಂದು ತರಬೇತಿ ಕೊಡಿ. ಜನ ಮೊದಲು ಹೋಗುವುದು ಅವರ ಹತ್ತಿರವೇ.

15100 ಸಹಾಯವಾಣಿ ಇದೆ ಎಂದು ತಾವು ಹೇಳಬಹುದು. ಇದೆ, ಅದರಿಂದ ನೆರವು ಪಡೆದವರೂ ಇದ್ದಾರೆ. ಆದರೆ ಓದುಬರಹ ಬಾರದ ಅಜ್ಜಿ ಫೋನಿನಲ್ಲಿ ತನ್ನ ಪಹಣಿ ತೋರಿಸಲಾರಳು. ಆಸ್ತಿಯ ವಿಷಯದಲ್ಲಿ ಕಾಗದವನ್ನು ಕೈಯಲ್ಲಿ ಹಿಡಿದು ನೋಡದೆ ಸಲಹೆ ಕೊಡಲು ಯಾರಿಂದಲೂ ಆಗದು.

ಇಡೀ ರಾಜ್ಯದಲ್ಲಿ ಒಂದೇ ದಿನ ಶುರು ಮಾಡಿ ಎಂದು ನಾನು ಕೇಳುತ್ತಿಲ್ಲ. ನವೆಂಬರ್ 9 ಕಾನೂನು ಸೇವೆಗಳ ದಿನ. ಈ ಬಾರಿ ಜಾಥಾ ಮತ್ತು ಸಭೆಯ ಜೊತೆಗೆ ಜಿಲ್ಲೆಗೆ ಒಂದು ತಾಲ್ಲೂಕಿನಂತೆ ಆರಿಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಮೇಜನ್ನು ಹಾಕಿಸಿ. ಒಂದು ವರ್ಷ ನಡೆಯಲಿ. ಎಷ್ಟು ಉಯಿಲು, ಎಷ್ಟು ಪಾಲುಪತ್ರ ಸರಿಯಾದವು ಎಂದು ಲೆಕ್ಕ ಇಡಿಸಿ, ಆ ಲೆಕ್ಕವನ್ನು ಜನರ ಮುಂದಿಡಿ, ಆಮೇಲೆ ಮುಂದುವರಿಸುವ ತೀರ್ಮಾನ ಮಾಡಿ. ನಮ್ಮ ತಾಲ್ಲೂಕು ಆ ಪಟ್ಟಿಯಲ್ಲಿ ಬಂದರೆ, ಸಂಭಾವನೆಯ ಆದೇಶ ಆಗುವವರೆಗೆ ವಾರಕ್ಕೆರಡು ಬೆಳಗ್ಗೆ ಆ ಮೇಜಿನಲ್ಲಿ ಕೂರಲು ನಾನು ಸಿದ್ಧನಿದ್ದೇನೆ. ಇನ್ನೂ ಕೆಲವು ಗೆಳೆಯರು ಒಪ್ಪಿದ್ದಾರೆ. ನಮ್ಮ ಒಪ್ಪಿಗೆಯ ಪತ್ರಗಳನ್ನು ತಾಲ್ಲೂಕು ಸಮಿತಿಯ ಅಧ್ಯಕ್ಷರಾದ ನ್ಯಾಯಾಧೀಶರ ಮೂಲಕ ತಮಗೆ ಕಳುಹಿಸುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ತಾಲ್ಲೂಕು ನ್ಯಾಯಾಲಯದ ಒಬ್ಬ ಸಿವಿಲ್ ವಕೀಲ